ಹಾಲಿಯ ಬೇಲಿ

ಹಾಲಿ ಎಂದೊಡನೆ ಕಚೇರಿಯ ಕನ್ನಡಕ್ಕೆ ಒಗ್ಗಿದವರಿಗೆ ಹಾಲಿ ಅಧ್ಯಕ್ಷರು, ಹಾಲಿ ಸದಸ್ಯರು ನೆನಪಾಗುವುದು ಸಹಜ. ನಾನು ಹೇಳಹೊರಟಿರುವುದು ಅವರ ವಿಷಯವಲ್ಲ. ಇಂಗ್ಲೆಂಡಿನ ಒಂದು ಮರದ ವಿಷಯ. ನಮ್ಮ ನಾಡಿನಲ್ಲಿ ಅದು ಬೆಳೆಯುವುದಿಲ್ಲವಾದ್ದರಿಂದ ಕನ್ನಡದಲ್ಲಿ ಅದಕ್ಕೆ ಹೆಸರೂ ಇಲ್ಲ. ಅವರ ಹೆಸರನ್ನೇ ಎರವಲು ತಂದು ಹಾಲಿ ಎನ್ನಬೇಕಾಗಿದೆ. ನೀವು ಆ ಮರವನ್ನು ಕಂಡಿರಲಾರಿರಿ, ಆದರೆ ಅದರ ಚಿತ್ರವನ್ನು ಖಂಡಿತ ಕಂಡಿದ್ದೀರಿ. ಡಿಸೆಂಬರ್ ತಿಂಗಳಲ್ಲಿ ಪುಸ್ತಕದಂಗಡಿಗಳಲ್ಲಿ ಮಾರುವ ಕ್ರಿಸ್‌ಮಸ್ ಶುಭಾಶಯ ಪತ್ರಗಳ ಮೂಲೆಯಲ್ಲಿ, ಅಂಚೆಲ್ಲ ಮುಳ್ಳಾದ ಎರಡು ಹಸಿರು ಎಲೆ, ಅವುಗಳ ನಡುವೆ ಗುಲಗಂಜಿಯಷ್ಟು ಕೆಂಪಾದ ಎರಡು ಮೂರು ಹಣ್ಣು ಇರುತ್ತವಲ್ಲ, ಅದೇ ಹಾಲಿ. ಪವಿತ್ರ ಎಂಬರ್ಥದ 'ಹೋಲಿ' ಶಬ್ದದಿಂದ ಈ ಹೆಸರು ಬಂದಿತೆಂದು ಇಂಗ್ಲಿಷ್ ಬಲ್ಲವರೂ ಕೆಲವರು ತಿಳಿದಿರುವುದುಂಟು. ಹಾಗಲ್ಲ. ಹಳೆಯ ಇಂಗ್ಲಿಷಿನಲ್ಲಿ ಇದು ಹೊಲೆನ್. ಅದು ಸವೆದು ಹಾಲಿಯಾಯಿತು. ಧ್ವನಿಸಾಮ್ಯವನ್ನು ನಂಬಿ ನಿರುಕ್ತ ಹೇಳಹೊರಟವರು ಎಡವುವುದು ನಮ್ಮಲ್ಲಿ ಮಾತ್ರವಲ್ಲ.

ಈ ಮರಕ್ಕೆ ಅಲ್ಲಿಯ ಜನ ಕೊಟ್ಟ ಮನ್ನಣೆ ನಮಗೆ ಸುಲಭವಾಗಿ ಅರ್ಥವಾಗುವಂಥದಲ್ಲ. ಆಗುಂಬೆಯ ಘಟ್ಟವನ್ನು ಯಾವ ತಿಂಗಳಲ್ಲಿ ಇಳಿದರೂ ಹಸಿರೇ ಹಸಿರು. ನಿತ್ಯಹರಿದ್ವರ್ಣ ಎಂಬ ದೊಡ್ಡ ಮಾತು ನಮಗೆ ದಿನನಿತ್ಯದ ಸಂಗತಿ. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಕಾರ್ತಿಕ ಕಳೆಯುವ ಹೊತ್ತಿಗೆ ಓಕ್ ಬೋಳಾಗುತ್ತದೆ, ಬೀಚ್ ಬೋಳಾಗುತ್ತದೆ, ಆ್ಯಷ್ ಬೋಳಾಗುತ್ತದೆ. ಹಿಮದ ಕಾಲದಲ್ಲಿ ಎಲೆ ಉಳಿಸಿಕೊಳ್ಳುವ ಅವರ ಸ್ವಂತ ಗಿಡಮರಗಳು ಬೆರಳೆಣಿಕೆಯವು: ಯೂ, ಸ್ಕಾಟ್ಲೆಂಡಿನ ಪೈನ್, ಜೂನಿಪರ್, ಬಾಕ್ಸ್, ಗೋಡೆಗೆ ಹಬ್ಬುವ ಐವಿ, ಮತ್ತು ಈ ಹಾಲಿ. ಅವುಗಳಲ್ಲಿಯೂ ಎಣ್ಣೆ ಹಚ್ಚಿ ಒರೆಸಿದಂತೆ ಮಿರುಗುವ ಅಗಲವಾದ ಎಲೆ ಮತ್ತು ಚಳಿಗಾಲವನ್ನು ದಾಟುವ ಕೆಂಪು ಹಣ್ಣು ಎರಡೂ ಇರುವುದು ಹಾಲಿಗೆ ಮಾತ್ರ. ಬೂದುಬಣ್ಣದ ಆಕಾಶದ ಕೆಳಗೆ ಅದನ್ನು ಕಂಡವರು ಕೊಂಬೆ ಮುರಿದು ಮನೆಗೆ ತಂದದ್ದರಲ್ಲಿ ಆಶ್ಚರ್ಯವೇನಿದೆ? ಕ್ರೈಸ್ತಧರ್ಮಕ್ಕಿಂತ ಹಳೆಯ ಮಾತಿದು. ಹಾಲಿಯನ್ನು ಮನೆಯ ಬಳಿ ನೆಟ್ಟರೆ ಮಾಟಮಂತ್ರ ತಗುಲುವುದಿಲ್ಲವೆಂಬ ನಂಬಿಕೆಯನ್ನು 1ನೆಯ ಶತಮಾನದ ರೋಮನ್ ಪಂಡಿತ ಪ್ಲಿನಿ ದಾಖಲಿಸಿದ್ದಾನೆ.

ಶಾಸ್ತ್ರದ ಹೆಸರಿನದೂ ಒಂದು ಸ್ವಾರಸ್ಯವುಂಟು. 1753ರಲ್ಲಿ ಲಿನೇಯಸ್ ಇದನ್ನು ಐಲೆಕ್ಸ್ ಅಕ್ವಿಫೋಲಿಯಮ್ ಎಂದು ಕರೆದ. ಅಕ್ವಿಫೋಲಿಯಮ್ ಎಂದರೆ ಸೂಜಿಯೆಲೆಯದು, ಅದು ಸರಿ. ಆದರೆ ಐಲೆಕ್ಸ್ ಎಂಬುದು ಲ್ಯಾಟಿನ್ ಕವಿಗಳ ಬಾಯಲ್ಲಿ ಬೇರೊಂದು ಮರದ ಹೆಸರು, ಎಲೆಯುದುರದ ಒಂದು ಜಾತಿಯ ಓಕ್ ಮರದ್ದು. ಎಲೆಗಳ ಹೋಲಿಕೆಯಿಂದ ಓಕ್‌ನ ಹೆಸರು ಹಾಲಿಗೆ ಹೋಯಿತು. ಅಲ್ಲಿಂದ ಮುಂದೆ ನಮ್ಮ ಕರಾವಳಿಗೂ ಬಂತು. ಅಘನಾಶಿನಿ, ಕಾಳಿ ಮೊದಲಾದ ನದಿಗಳ ಅಳಿವೆಯಲ್ಲಿ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮುಳ್ಳೆಲೆಯ, ನೀಲಿ ಹೂವಿನ ಹೊಳೆಚುಳ್ಳಿಯನ್ನು ಬಲ್ಲವರು ಅಲ್ಲಿ ಇದ್ದಾರೆ. ಅದರ ಎಲೆ ಹಾಲಿಯ ಎಲೆಯಂತಿದೆಯೆಂದು ಲಿನೇಯಸ್ ಅದಕ್ಕೆ ಅಕ್ಯಾಂಥಸ್ ಇಲಿಸಿಫೋಲಿಯಸ್ ಎಂದು ಹೆಸರಿಟ್ಟ. ಎರಡಕ್ಕೂ ಬಳಗದ ಸಂಬಂಧ ಏನೂ ಇಲ್ಲ. ಹಾಲಿಯ ನಿಜವಾದ ಬಂಧುಗಳು ಇರುವುದು ಘಟ್ಟದ ಮೇಲೆ: ಪಶ್ಚಿಮ ಘಟ್ಟದ ಕಾಡುಗಳ ಐಲೆಕ್ಸ್ ಮಲಬಾರಿಕ, ನೀಲಗಿರಿಯ ಎತ್ತರದ ಶೋಲೆಗಳ ಐಲೆಕ್ಸ್ ವೈಟಿಯಾನ. ಇವಕ್ಕೆ ಹಾಲಿಯ ಸೂಜಿಮುಳ್ಳುಗಳಿಲ್ಲ. ಕ್ರಿಸ್‌ಮಸ್ ಪತ್ರದ ಮೂಲೆಯ ಭಾಗ್ಯವೂ ಅವಕ್ಕೆ ಬರಲಿಲ್ಲ.

ಮುಳ್ಳಿನ ಮಾತು ಬಂದದ್ದರಿಂದ ಒಂದು ಸಂಗತಿ. ಹಾಲಿಯ ಬುಡದ ಕಡೆಯ ಎಲೆಗಳಲ್ಲಿ ಮುಳ್ಳು ಹೆಚ್ಚು. ಮರ ಎತ್ತರವಾದಂತೆ ತುದಿಯ ಎಲೆಗಳು ನುಣುಪಾಗುತ್ತವೆ. ದನ, ಕುರಿ, ಜಿಂಕೆಗಳ ಬಾಯಿಗೆ ಸಿಗುವಲ್ಲಿ ಆಯುಧ, ಸಿಗದಲ್ಲಿ ಸೌಮ್ಯ. ಇಂಗ್ಲಿಷ್ ಕವಿ ಸದೀ ಇದನ್ನೇ ವಸ್ತುವಾಗಿಟ್ಟುಕೊಂಡು ಒಂದು ಕವಿತೆ ಬರೆದಿದ್ದಾನೆ. ಉತ್ತರ ಇಂಗ್ಲೆಂಡಿನ ಬೆಟ್ಟಗಾಡಿನ ರೈತರಿಗೆ ಕವಿತೆಗಿಂತ ಮೇವು ಮುಖ್ಯ. ಹುಲ್ಲಿಲ್ಲದ ಚಳಿಗಾಲದಲ್ಲಿ ಅವರು ಮರ ಹತ್ತಿ ಈ ನುಣುಪಾದ ಮೇಲೆಲೆಗಳ ಕೊಂಬೆಗಳನ್ನು ಕಡಿದು ಕುರಿಗಳಿಗೆ ಹಾಕುತ್ತಿದ್ದರು. ಅದಕ್ಕೆಂದೇ ಹಾಲಿಯ ತೋಪುಗಳನ್ನು ಕಾಪಾಡಿಕೊಂಡು ಬಂದಿದ್ದರು. ದಂತದಂತೆ ಬಿಳುಪಾದ ಇದರ ಮರವನ್ನು ಕೆತ್ತನೆಗೆ, ಚಾಟಿಯ ಹಿಡಿಗೆ, ಕಪ್ಪು ಬಣ್ಣ ಹಾಕಿ ಕರಿಮರದ ಬದಲಿಗೆ ಬಳಸಿದರು. ತೊಗಟೆಯನ್ನು ಬೇಯಿಸಿ ಕೊಳೆಸಿ ಅರೆದು ಹಕ್ಕಿ ಹಿಡಿಯುವ ಅಂಟು ಮಾಡಿದರು. ಯಾವ ಮರದ ಹಣ್ಣಿಗೆ ಹಕ್ಕಿ ಬರುತ್ತದೆಯೋ ಅದೇ ಮರದ ತೊಗಟೆಯಲ್ಲಿ ಅದಕ್ಕೆ ಬಲೆ! ಮನುಷ್ಯನ ಬುದ್ಧಿ ಎಲ್ಲೆಲ್ಲಿ ಓಡುತ್ತದೆ ನೋಡಿ.

ಈಗ ನನ್ನ ಮುಖ್ಯ ಕಥೆಗೆ ಬರುತ್ತೇನೆ. ಅದು ಒಬ್ಬ ಮನುಷ್ಯನ ಬೇಲಿಯ ಕಥೆ.

ಜಾನ್ ಈವ್ಲಿನ್ 1620ರಲ್ಲಿ ಹುಟ್ಟಿದವನು. ದಿನಚರಿ ಬರೆದು ಪ್ರಸಿದ್ಧನಾದವನು, ರಾಯಲ್ ಸೊಸೈಟಿಯ ಮೊದಲ ಸದಸ್ಯರಲ್ಲೊಬ್ಬ, ಸ್ವಭಾವದಲ್ಲಿ ಶಾಂತ, ಅರಸೊತ್ತಿಗೆಯ ಪಕ್ಷಪಾತಿ. 1650ರ ದಶಕದ ಆರಂಭದಲ್ಲಿ ಲಂಡನ್ನಿನ ಪೂರ್ವಕ್ಕೆ, ಥೇಮ್ಸ್ ನದಿಯ ದಂಡೆಯ ಡೆಟ್‌ಫರ್ಡ್ ಎಂಬಲ್ಲಿ, ಸೇಸ್ ಕೋರ್ಟ್ ಎಂಬ ಮನೆಯಲ್ಲಿ ಬಂದು ನೆಲೆಸಿದ. ಮಗ್ಗುಲಲ್ಲೇ ರಾಜನ ಹಡಗು ಕಟ್ಟುವ ಕಾರ್ಖಾನೆ. ಮನೆಯ ಸುತ್ತಲಿನ ಬಯಲಲ್ಲಿ ಈವ್ಲಿನ್ ತೋಟ ಹಾಕಲು ತೊಡಗಿದ. ನಲವತ್ತು ವರ್ಷ ಅದನ್ನು ಬೆಳೆಸಿದ. ನಡೆಮಡಿ, ತೋಪು, ಹಣ್ಣಿನ ಮರ, ಔಷಧಿಯ ಗಿಡ ಎಲ್ಲವೂ ಇದ್ದವು. ಆದರೆ ಅವನಿಗೆ ಹೆಮ್ಮೆಯೆಲ್ಲ ಹಾಲಿಯ ಬೇಲಿಯ ಮೇಲೆ. 1691ರಲ್ಲಿ ಲಂಡನ್ನಿನ ಸುತ್ತಮುತ್ತಲ ತೋಟಗಳನ್ನು ನೋಡಿಕೊಂಡು ಬಂದು ಟಿಪ್ಪಣಿ ಬರೆದವನೊಬ್ಬ ಈವ್ಲಿನ್ನನ ತೋಟದಲ್ಲಿ ಎತ್ತಿ ಹೇಳಿದ್ದು ಆ ಬೇಲಿಯನ್ನೇ.

1662ರಲ್ಲಿ ನೌಕಾದಳದ ಅಧಿಕಾರಿಗಳು ರಾಯಲ್ ಸೊಸೈಟಿಗೆ ಒಂದು ಪ್ರಶ್ನೆ ಕಳುಹಿಸಿದರು. ಯುದ್ಧಗಳಲ್ಲಿ, ಕಬ್ಬಿಣದ ಕುಲುಮೆಗಳಲ್ಲಿ, ಅಂತರ್ಯುದ್ಧದ ಕಾಲದ ಲೂಟಿಯಲ್ಲಿ ದೇಶದ ಮರಗಳು ಮುಗಿಯುತ್ತ ಬಂದಿವೆ. ಹಡಗಿಗೆ ಓಕ್ ಮರ ಎಲ್ಲಿಂದ ತರುವುದು? ಉತ್ತರ ಬರೆಯುವ ಹೊಣೆ ಈವ್ಲಿನ್ನನ ಪಾಲಿಗೆ ಬಂತು. ಆ ಉತ್ತರವೇ 1664ರಲ್ಲಿ 'ಸಿಲ್ವಾ' ಎಂಬ ಗ್ರಂಥವಾಗಿ ಅಚ್ಚಾಯಿತು. ಇಂಗ್ಲಿಷಿನಲ್ಲಿ ಮರಗಳನ್ನು ಕುರಿತ ಮೊದಲ ದೊಡ್ಡ ಪುಸ್ತಕ ಅದೆನ್ನಬಹುದು. ಹಡಗಿನ ಮರದ ಪುಸ್ತಕದಲ್ಲಿ ಹಾಲಿಗೇನು ಕೆಲಸವೆಂದು ನೀವು ಕೇಳಬಹುದು. ಹಾಲಿಯಿಂದ ಹಡಗು ಕಟ್ಟಲಾಗದು, ನಿಜ. ಆದರೆ ನೆಟ್ಟ ಸಸಿಗಳನ್ನು ದನಕರುಗಳಿಂದ ಕಾಯಲು ಬೇಲಿ ಬೇಕಷ್ಟೆ? ಬೇಲಿಗಳಲ್ಲೆಲ್ಲ ಶ್ರೇಷ್ಠವಾದದ್ದು ಹಾಲಿಯದೆಂದು ಅವನು ವಾದಿಸುತ್ತಾನೆ. ವಾದ ಮಾಡುತ್ತ ಮಾಡುತ್ತ ಪಂಡಿತನ ಧಾಟಿ ಬಿಟ್ಟುಹೋಗಿ ಭಾವಾವೇಶ ಬಂದುಬಿಡುತ್ತದೆ. ತನ್ನ ತೋಟದ ಬೇಲಿಯನ್ನು ವರ್ಣಿಸಲು ತೊಡಗುತ್ತಾನೆ. ನುಗ್ಗಲಾಗದ ಗೋಡೆ, ಕವಚ ತೊಟ್ಟು ಮೆರುಗೆಣ್ಣೆ ಬಳಿದುಕೊಂಡಂಥ ಎಲೆ, ನಡುನಡುವೆ ಎತ್ತರಕ್ಕೆ ಬಿಟ್ಟ ಮರಗಳಲ್ಲಿ ಹವಳದಂಥ ಹಣ್ಣು. ಯಾವ ಬಿರುಗಾಳಿಯೂ, ಯಾವ ದನವೂ, ಯಾವ ಕಳ್ಳನೂ ಅದನ್ನು ದಾಟಲಾರನೆಂದು ಅವನ ಭರವಸೆ.

ಕನ್ನಡ ಗ್ರಂಥಸಂಪಾದನೆಯ ಪಾಠ ಹೇಳಿದವನಾದ್ದರಿಂದ ನನಗೆ ಪಾಠಾಂತರಗಳಲ್ಲಿ ಆಸಕ್ತಿ. 'ಸಿಲ್ವಾ' ಈವ್ಲಿನ್ನನ ಬಾಳಿನಲ್ಲೇ ನಾಲ್ಕು ಸಲ ಅಚ್ಚಾಯಿತು. ಮುದ್ರಣದಿಂದ ಮುದ್ರಣಕ್ಕೆ ಬೇಲಿ ಬೆಳೆಯುತ್ತ ಹೋಗುತ್ತದೆ. ಕೊನೆಗೆ 1706ರ ಮುದ್ರಣದಲ್ಲಿ ಅದು 400 ಅಡಿ ಉದ್ದ, 9 ಅಡಿ ಎತ್ತರ, 5 ಅಡಿ ದಪ್ಪ. ಮೊದಲಿಗೆ ವಿನಯದಿಂದ ತನ್ನ ಬಡತೋಟ ಎಂದು ಬರೆದುಕೊಂಡವನು, ಕೊನೆಯ ಮುದ್ರಣದಲ್ಲಿ ಒಂದು ವಿಶೇಷಣವನ್ನು ಬದಲಿಸಿ, ಒಂದು ಕಂಸವನ್ನು ಸೇರಿಸಿದ. ತೋಟ ಈಗ ಹಾಳಾದ ತೋಟ. ಕಂಸದೊಳಗೆ, ಅದಕ್ಕಾಗಿ ಮಸ್ಕೋವಿಯ ಜಾರ್ ದೊರೆಗೆ ವಂದನೆ.

ನಡೆದದ್ದೇನು? 1694ರಲ್ಲಿ ಈವ್ಲಿನ್ ಸರ‍್ರಿ ಸೀಮೆಯ ವಟನ್ ಎಂಬಲ್ಲಿದ್ದ ತನ್ನ ಪೂರ್ವಿಕರ ಮನೆಗೆ, ಅಣ್ಣನ ಬಳಿಗೆ ಹೋದ. 1696ರಲ್ಲಿ ಸೇಸ್ ಕೋರ್ಟನ್ನು ನೌಕಾದಳದ ಬೆನ್‌ಬೋ ಎಂಬ ಅಧಿಕಾರಿಗೆ ಬಾಡಿಗೆಗೆ ಕೊಟ್ಟ. ಆತನನ್ನು ಕುರಿತೂ ಈವ್ಲಿನ್ನನಿಗೆ ಅಸಮಾಧಾನವಿತ್ತು, ತೋಟ ಕೆಡುತ್ತಿದೆಯೆಂದು. 1698ರಲ್ಲಿ ರಷ್ಯದ ಜಾರ್ ಪೀಟರ್ ಇಂಗ್ಲೆಂಡಿಗೆ ಬಂದ. ಅವನಿಗಾಗ 25 ವರ್ಷ. ಹಡಗು ಕಟ್ಟುವ ವಿದ್ಯೆಯನ್ನು ಕೈಯಾರೆ ಕಲಿತು ತನ್ನ ದೇಶಕ್ಕೆ ನೌಕಾದಳ ಮಾಡಬೇಕೆಂಬ ಹಂಬಲದವನು. ಮುಂದೆ ಮಹಾನ್ ಪೀಟರ್ ಎನಿಸಿಕೊಂಡವನು. ಡೆಟ್‌ಫರ್ಡಿನ ಕಾರ್ಖಾನೆಗೆ ಹತ್ತಿರವಾದ ಮನೆ ಬೇಕಿತ್ತು. ಬೆನ್‌ಬೋ ಸೇಸ್ ಕೋರ್ಟನ್ನು ಒಳಬಾಡಿಗೆಗೆ ಬಿಟ್ಟುಕೊಟ್ಟ. ಫೆಬ್ರವರಿಯಲ್ಲಿ ಬಂದ ಜಾರ್ ಏಪ್ರಿಲಿನಲ್ಲಿ ಹೊರಟ. ಮನೆ ತುಂಬ ಜನ, ಹೇಸಿಗೆಯ ಜನ ಎಂದು ಈವ್ಲಿನ್ನನ ಸೇವಕ ಒಡೆಯನಿಗೆ ಕಾಗದ ಬರೆದ.

ಅವರು ಹೋದ ಮೇಲೆ ನಷ್ಟದ ಅಂದಾಜು ಮಾಡಲು ಸರ್ಕಾರದಿಂದ ಬಂದವನು ಸೇಂಟ್ ಪಾಲ್ ದೇವಾಲಯದ ಶಿಲ್ಪಿ ಕ್ರಿಸ್ಟಫರ್ ರೆನ್. ತೋಟದ ಮಟ್ಟಿಗೆ ರಾಜನ ತೋಟಗಾರ ಜಾರ್ಜ್ ಲಂಡನ್. ಕಿಟಕಿಗಳ ಗಾಜು ಒಡೆದಿತ್ತು, ಕುರ್ಚಿಗಳು ಮುರಿದಿದ್ದವು, ಹಾಸಿಗೆ ಹರಿದಿತ್ತು, ಚಿತ್ರಪಟಗಳು ಹಾಳಾಗಿದ್ದವು. ಒಟ್ಟು ನಷ್ಟ 350 ಪೌಂಡು 9 ಶಿಲಿಂಗ್ 6 ಪೆನ್ಸ್ ಎಂದು ಲೆಕ್ಕವಾಯಿತು. ಅದರಲ್ಲಿ ಈವ್ಲಿನ್ನನ ಪಾಲು 162 ಪೌಂಡು 7 ಶಿಲಿಂಗ್. ಉಳಿದದ್ದು ಬೆನ್‌ಬೋಗೆ ಮತ್ತು ಪಕ್ಕದ ಇನ್ನೊಬ್ಬನಿಗೆ. ಕೊಟ್ಟದ್ದು ಇಂಗ್ಲೆಂಡಿನ ಬೊಕ್ಕಸ. ಅತಿಥಿ ಒಡೆದದ್ದಕ್ಕೆ ಆತಿಥೇಯನ ಹಣ.

ಜಾರ್ ದೊರೆ ಒಂದು ಚಕ್ರದ ತಳ್ಳುಗಾಡಿಯಲ್ಲಿ ಕುಳಿತು, ತನ್ನವರಿಂದ ತಳ್ಳಿಸಿಕೊಂಡು, ಹಾಲಿಯ ಬೇಲಿಯ ಮೂಲಕ ನುಗ್ಗಿ ಆಡುತ್ತಿದ್ದನೆಂಬ ಕಥೆ ಪ್ರಸಿದ್ಧವಾಗಿದೆ. ಮುರಿದ ವಸ್ತುಗಳ ಪಟ್ಟಿಯಲ್ಲಿ ತಳ್ಳುಗಾಡಿಗಳೂ ಇದ್ದವು. ಆದರೂ ಕಥೆಯನ್ನು ಪೂರ್ತಿ ನಂಬಲು ನನ್ನ ಮನಸ್ಸು ಒಪ್ಪುವುದಿಲ್ಲ. ಐದು ಅಡಿ ದಪ್ಪದ ಹಾಲಿಯ ಬೇಲಿಯೊಳಗೆ ಒಮ್ಮೆ ನುಗ್ಗಿದವನು ಎರಡನೆಯ ಸಲ ಅದನ್ನು ಆಟವೆಂದು ಭಾವಿಸಲಾರ. ಪೀಟರ್ ಎಷ್ಟೇ ಆಜಾನುಬಾಹುವಾಗಿರಲಿ, ಚರ್ಮ ಚರ್ಮವೇ. ಈವ್ಲಿನ್ನನೂ ತಳ್ಳುಗಾಡಿಯ ಮಾತೆತ್ತುವುದಿಲ್ಲ. ಅವನ ವಾಕ್ಯವನ್ನು ಗಮನಿಸಿ ಓದಿದರೆ ತೋಟ ಹಾಳಾಯಿತೆಂದು ಹೇಳುವಾಗಲೇ ಬೇಲಿಯನ್ನು ಈಗಲೂ ತೋರಿಸಬಲ್ಲೆ ಎನ್ನುತ್ತಾನೆ. ಬೇಲಿ ಉಳಿದಿತ್ತು. ಇಷ್ಟಾದರೂ ಜನ ಮರೆಯದೆ ಹೇಳುವುದು ತಳ್ಳುಗಾಡಿಯ ಕಥೆಯನ್ನೇ.

ಈ ಪ್ರಸಂಗದಲ್ಲಿ ನನ್ನ ಮನಸ್ಸನ್ನು ಕಾಡುವುದು ಬೇರೊಂದು ಸಂಗತಿ. ಹಡಗಿಗೆ ಮರ ಬೇಕೆಂದು ದೇಶ ಕೇಳಿದಾಗ, ಮರ ನೆಡಿರೆಂದು ಪುಸ್ತಕ ಬರೆದವನು ಈವ್ಲಿನ್. ಹಡಗು ಕಟ್ಟುವುದನ್ನು ಕಲಿಯಲು ಬಂದವನಿಂದಲೇ ಅವನ ತೋಟ ಕೆಟ್ಟಿತು. ಓಕ್ ಮರ ಹಡಗಿಗೆ ಒದಗಲು ನೂರು ವರ್ಷ ಬೇಕು. ಹಾಲಿಯ ಬೇಲಿ ಆಳೆತ್ತರಕ್ಕೆ ಬರಲು ಒಂದು ತಲೆಮಾರು ಬೇಕು. ಜಾರ್ ಇದ್ದದ್ದು ಮೂರು ತಿಂಗಳು ತುಂಬದ ಕಾಲ. ನಷ್ಟದ ಪಟ್ಟಿ ನೋಡುವಾಗ ಈವ್ಲಿನ್ನನ ವಯಸ್ಸು 77. ಕುರ್ಚಿಯ ಬದಲಿಗೆ ಕುರ್ಚಿ ಕೊಳ್ಳಬಹುದು. ಆ ವಯಸ್ಸಿನಲ್ಲಿ ಮತ್ತೊಮ್ಮೆ ತೋಟ ಹಾಕಲು ರಾಜನ ಬೊಕ್ಕಸ ಏನು ಕೊಟ್ಟೀತು?

ಸೇಸ್ ಕೋರ್ಟಿನ ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 18ನೆಯ ಶತಮಾನದಲ್ಲಿ ಮನೆ ಉರುಳಿತು, ಆ ಜಾಗಕ್ಕೆ ನಿರ್ಗತಿಕರ ದುಡಿಮೆಯ ಮನೆ ಬಂತು. ಸುತ್ತಲಿನ ನೆಲ ಕಾರ್ಖಾನೆ, ಉಗ್ರಾಣಗಳ ಪಾಲಾಯಿತು. 1884ರ ಹೊತ್ತಿಗೆ ಈವ್ಲಿನ್ ವಂಶದವನೊಬ್ಬ ಉಳಿದ ನೆಲವನ್ನು ಜನರ ಉದ್ಯಾನಕ್ಕೆಂದು ಬಿಟ್ಟುಕೊಡಲು ಬಯಸಿ, ಬಡವರ ವಸತಿಗಾಗಿ ದುಡಿಯುತ್ತಿದ್ದ ಆಕ್ಟೇವಿಯಾ ಹಿಲ್ ಎಂಬ ಮಹಿಳೆಯ ನೆರವು ಕೇಳಿದ. ಕೊಡುವವನಿದ್ದ, ಪಡೆದು ಶಾಶ್ವತವಾಗಿ ಕಾಯುವ ಸಂಸ್ಥೆ ದೇಶದ ಕಾನೂನಿನಲ್ಲಿ ಇರಲಿಲ್ಲ. ಅಂಥದೊಂದು ಬೇಕೆಂಬ ಯೋಚನೆ ಆಕೆಗೂ ಆಕೆಯ ಮಿತ್ರ ರಾಬರ್ಟ್ ಹಂಟರನಿಗೂ ಹೊಳೆದದ್ದು ಆಗಲೇ. 1895ರಲ್ಲಿ ನ್ಯಾಷನಲ್ ಟ್ರಸ್ಟ್ ಹುಟ್ಟಿತು. ಇಂದು ಅದು ಆ ದೇಶದ ನೂರಾರು ಹಳೆಯ ಮನೆಗಳನ್ನೂ ತೋಟಗಳನ್ನೂ ಕಾಯುತ್ತಿದೆ. ಅದರ ಹುಟ್ಟಿಗೆ ಕಾರಣವಾದ ತೋಟ ಮಾತ್ರ ಉಳಿಯಲಿಲ್ಲ. ಡೆಟ್‌ಫರ್ಡಿನಲ್ಲಿ ಅದರ ಹೆಸರಿನ ಒಂದು ಚಿಕ್ಕ ಉದ್ಯಾನವಷ್ಟೇ ಇದೆ.

ಈವ್ಲಿನ್ನನ ಬೇಲಿ ಅಪ್ಪಟ ಹಸಿರು. ಆದರೆ ಅವನ ಕಾಲದಲ್ಲಿಯೇ ಇನ್ನೊಂದು ಬಗೆಯ ಹಾಲಿಯ ಮೇಲೆ ತೋಟಗಾರರ ಕಣ್ಣು ಬಿದ್ದಿತ್ತು. ಹಸಿರು ಎಲೆಗೆ ಜರಿಸೀರೆಯಂತೆ ಚಿನ್ನದ ಅಂಚು. ಕೆಲವಕ್ಕೆ ಬೆಳ್ಳಿಯ ಅಂಚು. ಕೆಲವಕ್ಕೆ ಎಲೆಯ ನಡುವೆ ಕೆನೆ ಚೆಲ್ಲಿದಂತೆ ಬಣ್ಣ. ನಮ್ಮ ಮನೆಗಳ ಮುಂದಿನ ಕ್ರೋಟನ್ ಕುಂಡಗಳನ್ನು ಕಂಡವರಿಗೆ ಇಂಥ ಎಲೆಗಳ ಆಕರ್ಷಣೆ ಏನೆಂದು ಹೇಳಬೇಕಾಗಿಲ್ಲ. 18ನೆಯ ಶತಮಾನದ ಮೊದಲ ದಶಕಗಳಲ್ಲಿ ಇಂಗ್ಲೆಂಡಿನಲ್ಲಿ ಈ ಪಟ್ಟೆಯೆಲೆಗಳ ಹುಚ್ಚು ಹಿಡಿಯಿತು. ಕೇಂಬ್ರಿಜ್ಜಿನ ಮೊದಲ ಸಸ್ಯಶಾಸ್ತ್ರ ಪ್ರಾಧ್ಯಾಪಕ ರಿಚರ್ಡ್ ಬ್ರ್ಯಾಡ್ಲಿ ಇವುಗಳ ಬಗ್ಗೆ ಬರೆದ. ಪಟ್ಟೆಯೆಲೆಯ ಮಲ್ಲಿಗೆಯ ಮೊಗ್ಗನ್ನು ಹಸಿರು ಮಲ್ಲಿಗೆಗೆ ಕಸಿ ಮಾಡಿದರೆ ಹಸಿರು ಬಳ್ಳಿಯ ಬೇರೆ ಕೊಂಬೆಗಳಲ್ಲೂ ಪಟ್ಟೆ ಮೂಡುತ್ತದೆಂಬುದು ಅವನ ಕಾಲದವರಿಗೆ ತಿಳಿದಿತ್ತು. ಎಂದಮೇಲೆ ಈ ಅಂದವೆಲ್ಲ ಗಿಡದ ಒಂದು ರೋಗವೆಂದು ಅವರು ಊಹಿಸಿದರು. ಮಲ್ಲಿಗೆಯ ಮಟ್ಟಿಗೆ ಅದು ನಿಜ, ಅದು ಅಂಟುವ ದೋಷ. ಹಾಲಿಯ ಮಟ್ಟಿಗೆ ನಿಜವಲ್ಲ.

ಹುಚ್ಚು ಬಂದಂತೆ ಹೋಯಿತು. ಗಿಡಗಳನ್ನು ಕತ್ತರಿಸಿ ಗೋಪುರ, ನವಿಲು, ಮನುಷ್ಯಾಕೃತಿ ಮಾಡುವ ಚಪಲವನ್ನು ಅಲೆಕ್ಸಾಂಡರ್ ಪೋಪ್ ಕವಿ 1713ರಲ್ಲಿ 'ಗಾರ್ಡಿಯನ್' ಪತ್ರಿಕೆಯಲ್ಲಿ ಚೆನ್ನಾಗಿ ಗೇಲಿ ಮಾಡಿದ. ಅವನ ಹಾಸ್ಯಪಟ್ಟಿಯಲ್ಲಿ ಹಾಲಿಯಲ್ಲಿ ಕೆತ್ತಿದ ನೋವನ ನಾವೆಯೂ ಮಾರಾಟಕ್ಕಿದೆ. ಕ್ರಮೇಣ ಬಯಲು, ಕೆರೆ, ಚೆದುರಿದ ಮರಗಳ ಸಹಜ ಸೌಂದರ್ಯದ ತೋಟ ರೂಢಿಗೆ ಬಂತು. ಚೆಲ್ಸಿಯ ಔಷಧಿವನದ ಫಿಲಿಪ್ ಮಿಲ್ಲರ್ ತನ್ನ ತೋಟಗಾರಿಕೆಯ ನಿಘಂಟಿನಲ್ಲಿ ಬಣ್ಣದೆಲೆಯ ಹಾಲಿಗಳಿಗೆ ಹಿಂದೆ ಬಹಳ ಮರ್ಯಾದೆಯಿತ್ತು, ಈಗ ಕೇಳುವವರಿಲ್ಲ ಎಂಬರ್ಥದ ಮಾತು ಬರೆದ. ಎಲೆಯ ಮೇಲಿನ ಅಂಚು ಬದಲಾಗಿರಲಿಲ್ಲ, ನೋಡುವವರ ಕಣ್ಣು ಬದಲಾಗಿತ್ತು.

ವಿಕ್ಟೋರಿಯ ರಾಣಿಯ ಕಾಲಕ್ಕೆ ಹಾಲಿಗೆ ಮತ್ತೆ ಶುಕ್ರದೆಸೆ. ಊರುಗಳು ಬೆಳೆದವು, ಕಲ್ಲಿದ್ದಲ ಹೊಗೆಯಲ್ಲಿ ಎಷ್ಟೋ ಗಿಡ ಸಾಯುತ್ತಿದ್ದಾಗ ಮೇಣದಂಥ ಎಲೆಯ ಹಾಲಿ ತಾಳಿಕೊಂಡಿತು. ಅದೇ ಕಾಲದಲ್ಲಿ ಒಂದು ಮಿಶ್ರಸಂತಾನವೂ ಬಂತು. ಮಡೀರಾ, ಕ್ಯಾನರಿ ಮುಂತಾದ ದ್ವೀಪಗಳ ಹಾಲಿ ಚಳಿ ತಾಳದು. ಶ್ರೀಮಂತರು ಅದನ್ನು ಕುಂಡದಲ್ಲಿ ಬೆಳೆಸಿ, ಚಳಿಗಾಲದಲ್ಲಿ ಗಾಜಿನ ಮನೆಯೊಳಗಿಟ್ಟು, ಬೆಚ್ಚನೆಯ ದಿನಗಳಲ್ಲಿ ಹೊರಗಿಡುತ್ತಿದ್ದರು. ಹೊರಗಿಟ್ಟಾಗ ಜೇನುನೊಣಗಳು ತಮ್ಮ ಕೆಲಸ ಮಾಡಿದವು. ಹುಟ್ಟಿದ ಸಂತಾನಕ್ಕೆ ಹ್ಯಾಂಪ್‌ಷೈರಿನ ಹೈಕ್ಲಿಯರ್ ಎಂಬ ಊರಿನ ಲ್ಯಾಟಿನ್ ರೂಪದಿಂದ ಆಲ್ಟಾಕ್ಲೆರೆನ್ಸಿಸ್ ಎಂದು ಹೆಸರಾಯಿತು. ಎಲೆ ಅಗಲ, ಮುಳ್ಳು ಕಡಿಮೆ.

1884ರಲ್ಲಿ ಎಡಿನ್‌ಬರೋದ ಲಾಸನ್ ನರ್ಸರಿಯಲ್ಲಿ ಈ ಬಗೆಯ ಒಂದು ಹಸಿರು ಗಿಡದಲ್ಲಿ ಒಂದೇ ಒಂದು ಕೊಂಬೆ ಹೊನ್ನಂಚಿನ ಎಲೆಗಳನ್ನು ಬಿಟ್ಟಿತು. ಯಾರೋ ಕಣ್ಣುಳ್ಳವರು ಅದನ್ನು ನೋಡಿದರು, ಕತ್ತರಿಸಿ ಬೇರು ಬರಿಸಿದರು. ಅದೇ 'ಗೋಲ್ಡನ್ ಕಿಂಗ್', ಸುವರ್ಣರಾಜ. ಇಂದು ಯಾವ ದೇಶದ ಯಾವ ತೋಟದಲ್ಲಿ ಸುವರ್ಣರಾಜನಿದ್ದರೂ ಅದು ಆ ಕೊಂಬೆಯ ತುಂಡಿನ ತುಂಡಿನ ತುಂಡು. ಬೀಜದಿಂದ ಅದು ಬರುವುದಿಲ್ಲ. ಕೈಯಿಂದ ಕೈಗೆ ದಾಟಿದರೆ ಮಾತ್ರ ಬದುಕು. ಆ ವರ್ಷ, ಮೇಲೆ ಹೇಳಿದೆನಲ್ಲ, ಸೇಸ್ ಕೋರ್ಟನ್ನು ಕಾಯುವವರಿಗಾಗಿ ಹುಡುಕಿದ ಕಾಲವೂ ಹೌದು.

ಈ ರಾಜನ ವಿಷಯದಲ್ಲೊಂದು ತಮಾಷೆಯುಂಟು. ನಮ್ಮ ಪರಂಗಿಯಂತೆ, ಈಚಲಿನಂತೆ, ಹಾಲಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹಣ್ಣು ಬಿಡುವುದು ಹೆಣ್ಣು. ಸುವರ್ಣರಾಜ ಹಣ್ಣು ಬಿಡುತ್ತಾನೆ; ಅವನು ಹೆಣ್ಣು! 'ಸಿಲ್ವರ್ ಕ್ವೀನ್' ಎಂಬ ಬೆಳ್ಳಿಯಂಚಿನ ರಾಣಿ ಗಂಡು. ಎಷ್ಟು ವರ್ಷ ಕಾದರೂ ಅವಳಲ್ಲಿ ಹಣ್ಣಿಲ್ಲ. 'ಗೋಲ್ಡನ್ ಕ್ವೀನ್' ಕೂಡ ಗಂಡೇ. ಹೂ ಬಿಡುವ ಮೊದಲೇ, ಎಲೆಯ ಚೆಲುವನ್ನಷ್ಟೇ ಕಂಡು ಹೆಸರಿಟ್ಟದ್ದರ ಫಲವಿರಬೇಕು. ಹಳ್ಳಿಗರ ಲಿಂಗವಿವೇಕವೂ ಇದಕ್ಕಿಂತ ಮೇಲಲ್ಲ: ಮುಳ್ಳಿರುವುದು ಗಂಡು ಹಾಲಿ, ನುಣುಪಾದ ಅಥವಾ ಬಣ್ಣದೆಲೆಯದು ಹೆಣ್ಣು ಹಾಲಿ, ಕ್ರಿಸ್‌ಮಸ್ಸಿಗೆ ಯಾವುದು ಮೊದಲು ಹೊಸ್ತಿಲು ದಾಟಿ ಒಳಗೆ ಬರುತ್ತದೋ ಅದರಂತೆ ಆ ವರ್ಷ ಮನೆಯಲ್ಲಿ ಗಂಡನ ಮಾತು ನಡೆಯುತ್ತದೆ ಅಥವಾ ಹೆಂಡತಿಯ ಮಾತು. ಸತಿಪತಿಯರಲ್ಲಿ ಯಾರು ಕೊಂಬೆ ತರಲು ಹೋಗುತ್ತಿದ್ದರೋ ಅವರೇ ಗೆದ್ದಿರಬೇಕೆಂದು ನನ್ನ ಊಹೆ.

ಬಣ್ಣದ ಕಾರಣ ತಿಳಿದದ್ದು 20ನೆಯ ಶತಮಾನದಲ್ಲಿ. ಜರ್ಮನಿಯ ಎರ್ವಿನ್ ಬೌರ್ 1909ರಲ್ಲಿ ಬಿಳಿಯಂಚಿನ ಜೆರೇನಿಯಮ್ ಗಿಡಗಳನ್ನು ಪರೀಕ್ಷಿಸಿ ಇದನ್ನು ವಿವರಿಸಿದ. ಚಿಗುರಿನ ತುದಿಯಲ್ಲಿ ಜೀವಕೋಶಗಳು ಪದರಪದರವಾಗಿರುತ್ತವೆ. ಒಂದು ಪದರ ಎಂದೋ ಬದಲಾಗಿ ಪತ್ರಹರಿತ್ತನ್ನು ಮಾಡುವ ಶಕ್ತಿ ಕಳೆದುಕೊಂಡರೆ, ಆ ಪದರದಿಂದ ಬೆಳೆದ ಭಾಗ ಬಿಳುಪು ಅಥವಾ ಹಳದಿ. ಉಳಿದ ಪದರಗಳಿಂದ ಬೆಳೆದದ್ದು ಹಸಿರು. ಅಂದರೆ ಒಂದೇ ಗಿಡದ ಚರ್ಮದೊಳಗೆ ಎರಡು ಗಿಡ. ಇಂಥದನ್ನು ಅವರು ಕೈಮೇರ ಎನ್ನುತ್ತಾರೆ, ಸಿಂಹ, ಆಡು, ಹಾವು ಕೂಡಿದ ಗ್ರೀಕರ ಕಲ್ಪನೆಯ ಪ್ರಾಣಿಯ ಹೆಸರಿನಿಂದ. ಹಳೇಬೀಡಿನ ಗೋಡೆಯ ಪಟ್ಟಿಕೆಗಳಲ್ಲಿ ಆನೆ, ಮೊಸಳೆ, ನವಿಲುಗಳ ಅಂಗಗಳನ್ನು ಕೂಡಿಸಿದ ಮಕರವನ್ನು ನೋಡಿದವರಿಗೆ ಈ ಮಾತು ವಿವರಿಸಬೇಕಿಲ್ಲ.

ಇದರಿಂದ ತೋಟಗಾರನಿಗೆ ಕೆಲವು ಕಟ್ಟುಪಾಡು ಬರುತ್ತವೆ. ಎಲೆಯ ಒಂದು ಭಾಗ ಅನ್ನ ಬೇಯಿಸದೆ ಕುಳಿತಿರುವುದರಿಂದ ಬಣ್ಣದ ಹಾಲಿ ಹಸಿರು ಹಾಲಿಗಿಂತ ನಿಧಾನ. ಹಸಿರು ಹಾಲಿ ದೊಡ್ಡ ಮರಗಳ ನೆರಳಲ್ಲೂ ಬೆಳೆದೀತು. ಹೊನ್ನಂಚಿನದಕ್ಕೆ ಬಿಸಿಲು ಬೇಕು, ಇಲ್ಲದಿದ್ದರೆ ಬಣ್ಣ ಮಂಕು. ನೀರು ನಿಲ್ಲದ ಮಣ್ಣು ಬೇಕು. ಸಸಿಯಿದ್ದಾಗಲೇ ನೆಟ್ಟು ಬಿಡಬೇಕು, ಬೆಳೆದ ಮೇಲೆ ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಹಿಂದೆ ಹಸಿರು ಹಾಲಿಯ ಬುಡಕ್ಕೆ ಕಸಿ ಮಾಡುತ್ತಿದ್ದರು. ಈಗ ಬೇಸಗೆಯ ಕೊನೆಯಲ್ಲಿ ಆ ವರ್ಷದ ಕಡ್ಡಿಯನ್ನು ತುಸು ಹಳೆಯ ತೊಗಟೆಯೊಡನೆ ಕಿತ್ತು ಮರಳುಮಣ್ಣಿನಲ್ಲಿ ನೆಟ್ಟು ಬೇರು ಬರಿಸುವುದು ರೂಢಿ. ಹಣ್ಣು ಬೇಕಾದವರು ಹತ್ತಿರದಲ್ಲೆಲ್ಲೋ ಒಂದು ಗಂಡು ಇದೆಯೇ ಎಂದು ನೋಡಿಕೊಳ್ಳಬೇಕು. ರಾಜನಿಗೆ ಒಬ್ಬ ರಾಣಿ ಸಾಕು. ಬೀಜದಿಂದ ಹಸಿರು ಹಾಲಿಯನ್ನೇ ಬೆಳೆಸುವವನು ಎರಡು ಚಳಿಗಾಲ ಕಾಯಬೇಕು, ಬೀಜ ಅಷ್ಟು ದಿನ ಮಣ್ಣಿನಲ್ಲಿ ಮಲಗಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾವಲು. ಬಣ್ಣದ ಗಿಡದಲ್ಲಿ ಒಮ್ಮೊಮ್ಮೆ ಪೂರ್ತಿ ಹಸಿರಾದ ಒಂದು ಚಿಗುರು ಹೊರಡುತ್ತದೆ. ನಮ್ಮ ಮನೆಯ ಕಾಂಪೌಂಡಿನ ಉದ್ದಕ್ಕೂ ನನ್ನ ಹೆಂಡತಿ ಹಳದಿಯಂಚಿನ ಡುರಾಂಟ ಬೆಳೆಸಿದ್ದಾಳೆ. ನಮ್ಮ ತೋಟದ ಆಳು ಅದನ್ನು ದುರಂತ ಎನ್ನುತ್ತಾನೆ, ಆ ಹೆಸರೇ ಮನೆಯಲ್ಲಿ ನಿಂತಿದೆ. ಅದರಲ್ಲಿಯೂ ಹೀಗೆಯೇ. ಹಸಿರು ಚಿಗುರನ್ನು ಕಂಡರೆ ಸಂತೋಷವಾಗುತ್ತದೆ, ಅಷ್ಟು ಸೊಂಪು. ಆದರೆ ಎಲೆಯೆಲ್ಲ ದುಡಿಯುವುದರಿಂದ ಅದು ಉಳಿದ ಕೊಂಬೆಗಳಿಗಿಂತ ಬೇಗ ಬೆಳೆದು, ನಾಲ್ಕಾರು ವರ್ಷದಲ್ಲಿ ಬಣ್ಣದ ಕೊಂಬೆಗಳನ್ನು ಮುಚ್ಚಿಬಿಡುತ್ತದೆ. ತುದಿ ಕತ್ತರಿಸಿದರೆ ಸಾಲದು. ಹೊರಟ ಬುಡಕ್ಕೇ ಹೋಗಿ ತೆಗೆಯಬೇಕು. ಬರಿ ಹಳದಿಯಾದ ಚಿಗುರು ಬಂದರೂ ತೆಗೆಯಬೇಕು, ಅದು ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದು. ನೋಡುವವರಿಲ್ಲದ ಹಳೆಯ ತೋಟಗಳಲ್ಲಿ ದೊಡ್ಡ ಹಸಿರು ಹಾಲಿಯ ಮರವೊಂದು ನಿಂತಿದ್ದು, ಅದರ ಕೆಳಗಿನ ಮೂಲೆಯಲ್ಲೊಂದು ಬಡಕಲು ಕೊಂಬೆಯಲ್ಲಿ ಮಾತ್ರ ಇನ್ನೂ ಹೊನ್ನಂಚು ಉಳಿದಿರುವುದುಂಟು. ಬಲ್ಲವರು ಅಂಥಲ್ಲಿಗೆ ಹೋದಾಗ ಒಂದು ಕಡ್ಡಿ ಬೇಡಿ ತರುತ್ತಾರೆ.